ಹಿತ್ತಾಳೆಯ ಮೇಲಿನ ಚಕ್ರವರ್ತಿ

ಕ್ರಿ.ಶ. 14ರಲ್ಲಿ ರೋಮ್ ಚಕ್ರವರ್ತಿ ಅಗಸ್ಟಸ್ ಸತ್ತ ಸುದ್ದಿ ಡ್ಯಾನ್ಯೂಬ್ ಸೀಮೆಯ ಪನ್ನೋನಿಯಾ ಪ್ರಾಂತ್ಯವನ್ನು ಮುಟ್ಟುತ್ತಲೇ ಅಲ್ಲಿ ಬೀಡುಬಿಟ್ಟಿದ್ದ ಮೂರು ಲೀಜನ್‌ಗಳು ದಂಗೆಯೆದ್ದವು. ಮುಂದಾಳಾಗಿ ನಿಂತವನು ಪರ್ಸೆನಿಯಸ್. ಹಿಂದೊಮ್ಮೆ ನಾಟಕಶಾಲೆಗಳಲ್ಲಿ ಚಪ್ಪಾಳೆ ತಟ್ಟುವ ಗುಂಪಿನ ಮುಖಂಡನಾಗಿದ್ದು, ಆಮೇಲೆ ಸಾಮಾನ್ಯ ಸೈನಿಕನಾದವನು. ಜನರನ್ನು ಹುರಿದುಂಬಿಸುವ ವಿದ್ಯೆ ಅವನಿಗೆ ಕರಗತವಾಗಿತ್ತು. ಅವನ ದೂರನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಸೈನಿಕನ ದೇಹಕ್ಕೂ ಜೀವಕ್ಕೂ ಸೇರಿ ದಿನಕ್ಕೆ ಹತ್ತು ತಾಮ್ರದ ಆಸ್ ಬೆಲೆ ಕಟ್ಟಿದ್ದಾರೆ, ಬಟ್ಟೆ, ಆಯುಧ, ಡೇರೆಯ ಖರ್ಚು ಅದರಲ್ಲೇ ಕಳೆಯಬೇಕು, ದಳಪತಿಯ ಬೆತ್ತದಿಂದ ಪಾರಾಗಲು ಕೊಡುವ ಲಂಚವೂ ಅದರಲ್ಲೇ ಎಂಬುದು ಅವನ ಅಳಲು. ದಿನಕ್ಕೊಂದು ಬೆಳ್ಳಿಯ ಡೆನಾರಿಯಸ್ ಬೇಕು ಎಂಬುದು ಬೇಡಿಕೆ. ಒಂದು ಡೆನಾರಿಯಸ್ಸಿಗೆ ಹದಿನಾರು ಆಸ್.

ಭೂಮಧ್ಯ ಸಮುದ್ರದ ಸುತ್ತಲ ಜಗತ್ತನ್ನೇ ಆಳುತ್ತಿದ್ದ ಸೇನೆಯ ಸಿಟ್ಟು ಆರು ತಾಮ್ರದ ಕಾಸಿನ ಲೆಕ್ಕದಲ್ಲಿ ನಿಂತಿತ್ತು. ರೋಮ್ ಸಾಮ್ರಾಜ್ಯದ ನಾಣ್ಯ ಎಂದೊಡನೆ ನಮಗೆ ನೆನಪಾಗುವುದು ಚಿನ್ನ, ಬೆಳ್ಳಿ. ಅವು ತೆರಿಗೆಗೆ, ಸಂಬಳಕ್ಕೆ, ದೂರದ ವ್ಯಾಪಾರಕ್ಕೆ, ಹೂತಿಡುವುದಕ್ಕೆ. ದಿನ ಬೆಳಗಾದರೆ ಕೈಯಿಂದ ಕೈಗೆ ದಾಟುತ್ತಿದ್ದದ್ದು ತಾಮ್ರ ಮತ್ತು ಹಿತ್ತಾಳೆ. ಪೊಂಪೇ ನಗರದ ಒಂದು ಮದ್ಯದಂಗಡಿಯ ಗೋಡೆಬರಹದ ಪ್ರಕಾರ ಒಂದು ಆಸ್ ಕೊಟ್ಟರೆ ಸಾದಾ ದ್ರಾಕ್ಷಾರಸ, ಎರಡು ಕೊಟ್ಟರೆ ಅದಕ್ಕಿಂತ ಒಳ್ಳೆಯದು, ನಾಲ್ಕು ಕೊಟ್ಟರೆ ಹೆಸರಾಂತ ಫಲೇರ್ನಿಯನ್ ಸಿಗುತ್ತಿತ್ತು. ರೋಮ್‌ನ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಲು ಕಾಲು ಆಸ್ ಸಾಕು. ಆ ಬೆಲೆಗೆ ಕ್ವಾಡ್ರನ್ಸ್ ಎಂಬ ಚಿಲ್ಲರೆ ಇತ್ತು. ಚಕ್ರವರ್ತಿಯನ್ನು ಕಣ್ಣಾರೆ ಕಾಣದೆ ಬಾಳಿ ಸತ್ತ ಕೋಟಿಗಟ್ಟಲೆ ಜನ ಅವನ ಮುಖವನ್ನು ಕಂಡದ್ದು ಈ ಚಿಲ್ಲರೆಯ ಮೇಲೆ.

ಆ ಚಿಲ್ಲರೆಯೇ ರೋಮ್‌ನಲ್ಲಿ ಒಂದು ಕಾಲದಲ್ಲಿ ಹೆಚ್ಚುಕಡಿಮೆ ನಿಂತುಹೋಗಿತ್ತು. ಅಂತರ್ಯುದ್ಧಗಳ ನಡುವೆ ಕ್ರಿ.ಪೂ. 80ರ ಹೊತ್ತಿಗೆ ರೋಮ್‌ನ ಟಂಕಸಾಲೆ ಕಂಚಿನ ನಾಣ್ಯ ಅಚ್ಚುಹಾಕುವುದನ್ನು ಕೈಬಿಟ್ಟಿತು. ಸುಮಾರು ಎರಡು ತಲೆಮಾರು ಜನ ಹಳೆಯ ಸವಕಲು ಕಾಸಿನಲ್ಲೇ ವ್ಯವಹಾರ ನಡೆಸಿದರು. ಸಾಲದೆ ಬಂದಾಗ ಒಂದು ಆಸನ್ನು ಕಡಿದು ಎರಡು ಹೋಳು ಮಾಡಿಕೊಂಡರು. ಕ್ರಿ.ಪೂ. 23ರ ಸುಮಾರಿಗೆ ಅಗಸ್ಟಸ್ ಈ ಅವ್ಯವಸ್ಥೆಗೆ ಕೈ ಹಾಕಿದ. ಹಿಂದೆ ಬೆಳ್ಳಿಯ ಪುಟ್ಟ ಚೂರಿನಂತಿದ್ದ ಸೆಸ್ಟರ್ಶಿಯಸ್ ಈಗ ಸುಮಾರು 25 ಗ್ರಾಂ ತೂಗುವ ಹಿತ್ತಾಳೆಯ ದಪ್ಪ ಬಿಲ್ಲೆಯಾಯಿತು. ನಮ್ಮ ಹತ್ತು ರೂಪಾಯಿ ನಾಣ್ಯದ ಮೂರರಷ್ಟು ತೂಕ ಅದು. ಅದರ ಅರ್ಧ ಬೆಲೆಯ ಡುಪಾಂಡಿಯಸ್ ಕೂಡ ಹಿತ್ತಾಳೆಯದೇ. ಆಸ್ ಮತ್ತು ಕ್ವಾಡ್ರನ್ಸ್ ಮಾತ್ರ ಕೆಂಪು ತಾಮ್ರ. ನಾಲ್ಕು ಆಸ್‌ಗೆ ಒಂದು ಸೆಸ್ಟರ್ಶಿಯಸ್, ನಾಲ್ಕು ಸೆಸ್ಟರ್ಶಿಯಸ್‌ಗೆ ಒಂದು ಡೆನಾರಿಯಸ್, 25 ಡೆನಾರಿಯಸ್‌ಗೆ ಚಿನ್ನದ ಒಂದು ಔರಿಯಸ್. ಹೊಸ ಹಿತ್ತಾಳೆ ಚಿನ್ನದಂತೆ ಹೊಳೆಯುತ್ತಿತ್ತು, ತಾಮ್ರ ಕೆಂಪಗೆ ಬೇರೆಯಾಗಿ ಕಾಣುತ್ತಿತ್ತು. ಓದು ಬಾರದವನೂ ಬಣ್ಣ ನೋಡಿ ಬೆಲೆ ಹೇಳಬಹುದಾದ ಏರ್ಪಾಡು ಇದು.

ಹಿತ್ತಾಳೆ ಮಾಡುವುದು ಆ ಕಾಲಕ್ಕೆ ಸುಲಭದ ಕೆಲಸವಾಗಿರಲಿಲ್ಲ. ಸತುವನ್ನು ಲೋಹವಾಗಿ ಪ್ರತ್ಯೇಕಿಸುವ ವಿದ್ಯೆ ರೋಮನ್ನರಿಗೆ ತಿಳಿದಿರಲಿಲ್ಲ. ಕುಲುಮೆಯ ಕಾವಿಗೆ ಸತು ಆವಿಯಾಗಿ ಹಾರಿಹೋಗುತ್ತದೆ. ಅದಕ್ಕೆ ಅವರು ತಾಮ್ರದ ಚೂರು, ಸತುವಿನ ಅದಿರು, ಇದ್ದಿಲು ಮೂರನ್ನೂ ಮೂಸೆಯಲ್ಲಿ ತುಂಬಿ, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಒಳಗೆ ಎದ್ದ ಆವಿ ಹೊರಹೋಗಲು ದಾರಿ ಕಾಣದೆ ತಾಮ್ರದೊಳಕ್ಕೇ ಇಳಿಯುತ್ತಿತ್ತು. ಅದಿರನ್ನು ಚೆನ್ನಾಗಿ ಹೀರಿಕೊಳ್ಳುವ ಸ್ಪೇನಿನ ತಾಮ್ರ ಸೆಸ್ಟರ್ಶಿಯಸ್, ಡುಪಾಂಡಿಯಸ್‌ಗಳಿಗೆ, ಸೈಪ್ರಸ್ಸಿನ ತಾಮ್ರ ಆಸ್‌ಗೆ ಎಂದು ಪ್ಲಿನಿ ತನ್ನ ವಿಶ್ವಕೋಶದಲ್ಲಿ ಬರೆದಿಟ್ಟಿದ್ದಾನೆ.

ಇಷ್ಟೆಲ್ಲ ಶ್ರಮ ಪಟ್ಟರೂ ಸೆಸ್ಟರ್ಶಿಯಸ್‌ನ ಮುಖಬೆಲೆ ಅದರ ಲೋಹದ ಬೆಲೆಗಿಂತ ಹೆಚ್ಚೇ. ಬೆಳ್ಳಿ ತನ್ನ ತೂಕದಿಂದ ಮಾತಾಡುತ್ತದೆ. ಹಿತ್ತಾಳೆಗೆ ಯಾರಾದರೂ ಜಾಮೀನು ನಿಲ್ಲಬೇಕು. ನನ್ನ ತಿಳಿವಳಿಕೆಯಲ್ಲಿ ರೋಮ್‌ನ ಹಿತ್ತಾಳೆ ನಾಣ್ಯದ ಚಿತ್ರಗಳನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಇದೇ ಬಾಗಿಲು. ಅಲ್ಲಿ ಕೆತ್ತಿದ ಮುಖ ಬರಿಯ ಅಲಂಕಾರವಾಗಿರಲಿಲ್ಲ, ಕಡಿಮೆಬಿದ್ದ ಬೆಲೆಯನ್ನು ತುಂಬಿಕೊಡುವ ಭರವಸೆಯಾಗಿತ್ತು.

ನಮ್ಮ ನೆಲದಲ್ಲೇ ಇದಕ್ಕೆ ಸಾಕ್ಷಿಯಿದೆ. ಬೆಂಗಳೂರಿನ ಯಶವಂತಪುರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಕ್ಕ ರೋಮನ್ ನಾಣ್ಯಗಳ ಗಂಟು ಬೆಳ್ಳಿಯದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಪದರಗಳಲ್ಲಿ ದೊರೆತ, ಅಗಸ್ಟಸ್ ನಂತರ ಪಟ್ಟಕ್ಕೆ ಬಂದ ಟೈಬೀರಿಯಸ್‌ನ ನಾಣ್ಯವೂ ಬೆಳ್ಳಿಯ ಡೆನಾರಿಯಸ್. ಭಾರತದ ಸರಕಿಗಾಗಿ ವರ್ಷಕ್ಕೆ ಐದು ಕೋಟಿ ಸೆಸ್ಟರ್ಶಿಯಸ್ ಹರಿದುಹೋಗುತ್ತಿದೆ ಎಂದು ಪ್ಲಿನಿ ಕೊರಗಿದ್ದು ಪ್ರಸಿದ್ಧ. ಲೆಕ್ಕ ಬರೆದದ್ದು ಸೆಸ್ಟರ್ಶಿಯಸ್‌ನಲ್ಲಿ, ಹಡಗಿಗೇರಿದ್ದು ಬೆಳ್ಳಿ ಬಂಗಾರ. ಕರಿಮೆಣಸು ಮಾರುವವನಿಗೆ ಟೈಬೀರಿಯಸ್ ಯಾರಾದರೇನು, ಬೆಳ್ಳಿ ತಕ್ಕಡಿಯಲ್ಲಿ ತೂಗುತ್ತಿತ್ತಲ್ಲ! ಚಕ್ರವರ್ತಿಯ ಮಾತಿನ ಮೇಲೆ ನಿಂತ ಹಿತ್ತಾಳೆ ಮಾತ್ರ ಅವನ ಗಡಿಯಲ್ಲೇ ಉಳಿಯಿತು. ತಮಿಳುನಾಡಿನ ಕರೂರು, ಮದುರೆಗಳಲ್ಲಿ, ಶ್ರೀಲಂಕಾದಲ್ಲಿ ರಾಶಿ ರಾಶಿಯಾಗಿ ಸಿಕ್ಕ ರೋಮನ್ ತಾಮ್ರದ ಪುಡಿಕಾಸುಗಳು ನಾಲ್ಕು, ಐದನೆಯ ಶತಮಾನದವು; ಆ ಹೊತ್ತಿಗೆ ವ್ಯಾಪಾರದ ಚಹರೆಯೇ ಬದಲಾಗಿತ್ತು. ಆದರೆ ಹಿತ್ತಾಳೆ ದಾಟದ ಗಡಿಯನ್ನು ಮುಖ ದಾಟಿತ್ತು. ಕುಷಾಣ ದೊರೆ ಕುಜುಲ ಕಡಫೀಸಸ್ ಮೊದಲನೆಯ ಶತಮಾನದಲ್ಲಿ ಹೊರಡಿಸಿದ ಒಂದು ಬಗೆಯ ತಾಮ್ರದ ನಾಣ್ಯದಲ್ಲಿ ಲಾರೆಲ್ ಮಾಲೆ ಧರಿಸಿದ ರೋಮನ್ ಚಕ್ರವರ್ತಿಯ ತಲೆ ಇದೆ, ಹಿಂಬದಿಯಲ್ಲಿ ರೋಮ್‌ನ ಅಧಿಕಾರಪೀಠದ ಮೇಲೆ ಕುಜುಲ ತಾನೇ ಕುಳಿತಿದ್ದಾನೆ. ತಕ್ಷಶಿಲೆಯ ಸೀಮೆಯಲ್ಲಿ ಆ ರೂಪಕ್ಕೆ ಅಷ್ಟು ಮರ್ಯಾದೆ ಇತ್ತು.

ರೋಮ್‌ನ ಟಂಕಸಾಲೆಯಲ್ಲಿ ಅಗಸ್ಟಸ್ ಅಚ್ಚುಹಾಕಿಸಿದ ಸೆಸ್ಟರ್ಶಿಯಸ್‌ನಲ್ಲಿ ಅವನ ಮುಖವೇ ಇಲ್ಲ. ಮುಂಬದಿಯಲ್ಲಿ ಓಕ್ ಎಲೆಯ ಮಾಲೆ, ಎರಡು ಪಕ್ಕಕ್ಕೆ ಲಾರೆಲ್ ಕೊಂಬೆ, ಪೌರರ ಪ್ರಾಣ ಉಳಿಸಿದ್ದಕ್ಕಾಗಿ ಎಂಬ ಬರಹ. ಹಿಂಬದಿಯಲ್ಲಿ ನಾಣ್ಯಾಧಿಕಾರಿಯ ಹೆಸರಿನ ನಡುವೆ ದೊಡ್ಡದಾಗಿ ಎಸ್ ಮತ್ತು ಸಿ, ಅಂದರೆ ಸೆನೆಟ್ಟಿನ ನಿರ್ಣಯದಂತೆ. ಈ ಎರಡಕ್ಷರದ ನಿಜವಾದ ಅಧಿಕಾರವೆಷ್ಟು ಎಂಬುದರ ಬಗ್ಗೆ ನಾಣ್ಯಶಾಸ್ತ್ರಜ್ಞರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಗಣರಾಜ್ಯವನ್ನು ಮರಳಿ ಸ್ಥಾಪಿಸಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದವನಿಗೆ ಈ ಸಂಕೋಚ ಅಗತ್ಯವಿತ್ತೆಂದು ನನಗನಿಸುತ್ತದೆ. ಜೂಲಿಯಸ್ ಸೀಸರ್ ಬದುಕಿರುವಾಗಲೇ ತನ್ನ ಮುಖವನ್ನು ಬೆಳ್ಳಿಗೆ ಹತ್ತಿಸಿದ್ದು ಕ್ರಿ.ಪೂ. 44ರ ಆರಂಭದಲ್ಲಿ, ಅದೇ ವರ್ಷದ ಮಾರ್ಚ್‌ನಲ್ಲಿ ಅವನ ಕೊಲೆಯಾಯಿತು. ಆಸ್‌ನ ಮೇಲೆ ಅಗಸ್ಟಸ್‌ನ ತಲೆ ಬಂತು, ದೊಡ್ಡ ಹಿತ್ತಾಳೆಯ ಮೇಲೆ ಬರಲಿಲ್ಲ.

ಈ ಮುಖಗಳನ್ನು ಜನ ನೋಡುತ್ತಿದ್ದರೇ? ಬ್ರಿಟಿಷ್ ಇತಿಹಾಸಕಾರ ಎ.ಎಚ್.ಎಂ. ಜೋನ್ಸ್ 1956ರಲ್ಲಿ ಈ ಪ್ರಶ್ನೆಯನ್ನು ನಿಷ್ಠುರವಾಗಿ ಎತ್ತಿದರು. ನಮ್ಮ ಕಾಲದ ಅಂಚೆಚೀಟಿಯ ಚಿತ್ರವನ್ನು ಎಷ್ಟು ಮಂದಿ ಗಮನಿಸುತ್ತಾರೋ ರೋಮನ್ನರು ನಾಣ್ಯವನ್ನೂ ಅಷ್ಟೇ ಗಮನಿಸಿರಬೇಕು, ಅದರಿಂದ ರಾಜಕೀಯ ಓದುವುದು ಅತಿಯಾಯಿತು ಎಂಬುದು ಅವರ ವಾದದ ತಿರುಳು. ದೊಡ್ಡ ವಿದ್ವಾಂಸರ ಮಾತು, ಆದರೂ ನನಗೆ ಒಪ್ಪಿಗೆಯಾಗದು. ಚಿತ್ರ ಹೊರಡಿಸಿದವರ ಉದ್ದೇಶವನ್ನಷ್ಟೇ ನೋಡಿದರೆ ಅವರ ಅನುಮಾನ ಸರಿ ಎನ್ನಿಸಬಹುದು. ನಾಣ್ಯಗಳ ಮೈಮೇಲಿನ ಗಾಯಗಳನ್ನು ನೋಡಿದರೆ ಬೇರೆ ಕಥೆ ಕಾಣುತ್ತದೆ. ಉಳಿ ಇಟ್ಟು ಹೆಸರು ಕೆತ್ತಿ ತೆಗೆದವರು, ಮುಖದ ಮೇಲೆ ಮರುಮುದ್ರೆ ಹೊಡೆದವರು, ಅರದಿಂದ ಉಜ್ಜಿ ಬೇರೆ ಚಿತ್ರ ಹಾಕಿದವರು, ಕರಗಿಸಿದವರು ಇದ್ದರು. ಯಾರೂ ನೋಡದ ಚಿತ್ರದ ಮೇಲೆ ಇಷ್ಟು ಕೋಪ ಯಾರಿಗೂ ಬರುವುದಿಲ್ಲ.

ಮರುಮುದ್ರೆ ಯಾವಾಗಲೂ ಸಿಟ್ಟಿನದೇ ಅಲ್ಲ. ಜರ್ಮನಿಯ ಕಾಲ್ಕ್ರೀಸ್ ಎಂಬಲ್ಲಿ 1987ರಿಂದ ನಡೆದ ಶೋಧದಲ್ಲಿ ರೋಮನ್ ಸೈನಿಕರ ಸಾಮಾನು, ಎಲುಬು, ನಾಣ್ಯಗಳು ಸಿಕ್ಕವು. ತಾಮ್ರದ ಆಸ್‌ಗಳಲ್ಲಿ ಹೆಚ್ಚಿನವು ಗಾಲ್ ಪ್ರಾಂತ್ಯದ ಲುಗ್ಡುನಮ್ ನಗರದ್ದು, ಅಂದರೆ ಇಂದಿನ ಲಿಯೋನ್. ಹಿಂಬದಿಯಲ್ಲಿ ರೋಮ್‌ಗೂ ಅಗಸ್ಟಸ್‌ಗೂ ಅರ್ಪಿಸಿದ ಬಲಿಪೀಠದ ಚಿತ್ರ. ಕೆಲವುದರ ಮೇಲೆ ಪುಟ್ಟ ಚೌಕದೊಳಗೆ ವಿ, ಎ, ಆರ್ ಅಕ್ಷರಗಳ ಠಸ್ಸೆ. ಕ್ರಿ.ಶ. 7ರಿಂದ 9ರವರೆಗೆ ಅಲ್ಲಿ ಅಧಿಪತಿಯಾಗಿದ್ದ ಪುಬ್ಲಿಯಸ್ ಕ್ವಿಂಕ್ಟಿಲಿಯಸ್ ವಾರಸ್‌ನ ಗುರುತು ಅದು. ತನ್ನ ಸೈನಿಕರಿಗೆ ಇನಾಮು ಹಂಚುವಾಗ ಹೊಡೆಸಿದ್ದಿರಬೇಕು. ಕ್ರಿ.ಶ. 9ರಲ್ಲಿ ಆ ಸೀಮೆಯ ಕಾಡುಗಳಲ್ಲಿ ಅವನ ಮೂರು ಲೀಜನ್‌ಗಳು ಹೇಳಹೆಸರಿಲ್ಲದಂತೆ ನಾಶವಾದವು. ಅದಕ್ಕಿಂತ ಈಚಿನ ನಾಣ್ಯ ಅಲ್ಲಿ ಸಿಕ್ಕಿಲ್ಲ. ಆ ಯುದ್ಧಭೂಮಿ ಎಲ್ಲಿತ್ತೆಂದು ಶತಮಾನಗಳಿಂದ ನಡೆದಿದ್ದ ವಾದದಲ್ಲಿ ಈ ಮೂರಕ್ಷರದ ತಾಮ್ರ ಬಹಳ ಬಲವಾದ ಸಾಕ್ಷಿಯಾಯಿತು.

ಟೈಬೀರಿಯಸ್ ಹಿತ್ತಾಳೆಯನ್ನು ಬಳಸಿದ ಬಗೆ ನನಗೆ ಇಷ್ಟ. ಕ್ರಿ.ಶ. 17ರ ಒಂದು ರಾತ್ರಿ ಇಂದಿನ ತುರ್ಕಿಯ ಪಶ್ಚಿಮ ಭಾಗದಲ್ಲಿ ಭೂಕಂಪವಾಗಿ ಹನ್ನೆರಡು ನಗರಗಳು ಕುಸಿದವು. ಎಲ್ಲಕ್ಕಿಂತ ಹೆಚ್ಚು ನಲುಗಿದ್ದು ಸಾರ್ಡಿಸ್. ಅದಕ್ಕೆ ಟೈಬೀರಿಯಸ್ ಒಂದು ಕೋಟಿ ಸೆಸ್ಟರ್ಶಿಯಸ್ ನೆರವು ಘೋಷಿಸಿದ, ಐದು ವರ್ಷದ ತೆರಿಗೆ ಮನ್ನಾ ಮಾಡಿದ. ಕೆಲವು ವರ್ಷಗಳ ಮೇಲೆ ಬಂದ ಸೆಸ್ಟರ್ಶಿಯಸ್‌ನಲ್ಲಿ ಅವನು ಪೀಠದ ಮೇಲೆ ಕುಳಿತಿದ್ದಾನೆ. ಸುತ್ತ ಏಷ್ಯಾದ ನಗರಗಳನ್ನು ಮತ್ತೆ ಕಟ್ಟಿಕೊಟ್ಟ ಕುರಿತ ಬರಹ. ಜಂಬವಿದೆ ನಿಜ, ಹಿಂದೆ ಕೆಲಸವೂ ಇದೆ.

ಅವನ ಉತ್ತರಾಧಿಕಾರಿ ಕ್ಯಾಲಿಗುಲಾ ಕ್ರಿ.ಶ. 37ರಲ್ಲಿ ಪಟ್ಟಕ್ಕೆ ಬಂದ. ರೋಮ್‌ನ ಸೆಸ್ಟರ್ಶಿಯಸ್ ಮೇಲೆ ಆಳುವ ಚಕ್ರವರ್ತಿಯ ಮುಖ ರೂಢಿಯಾಗಿ ಬಂದದ್ದು ಅವನಿಂದಲೇ. ಹಿಂಬದಿಯಲ್ಲಿ ತನ್ನ ಮೂವರು ತಂಗಿಯರನ್ನು ನಿಲ್ಲಿಸಿದ. ಅಗ್ರಿಪ್ಪೀನಾ ಅಭಯದ ದೇವತೆಯ ರೂಪದಲ್ಲಿ, ಡ್ರೂಸಿಲ್ಲಾ ಸಾಮರಸ್ಯದ ದೇವತೆಯಾಗಿ, ಜೂಲಿಯಾ ಭಾಗ್ಯದೇವತೆಯಾಗಿ, ಹೆಸರು ಸಮೇತ. ಬದುಕಿರುವ ಹೆಂಗಸರನ್ನು ಹೀಗೆ ದೇವತೆಯರ ಸಾಲಿಗೆ ಸೇರಿಸಿದ್ದು ರೋಮ್‌ಗೆ ಹೊಸತು. ಮರುವರ್ಷ ಡ್ರೂಸಿಲ್ಲಾ ತೀರಿಕೊಂಡಳು, ಅದರ ಮರುವರ್ಷ ಉಳಿದಿಬ್ಬರನ್ನು ಪಿತೂರಿಯ ಆರೋಪದ ಮೇಲೆ ಅಣ್ಣನೇ ಗಡಿಪಾರು ಮಾಡಿದ. 41ರಲ್ಲಿ ಅಂಗರಕ್ಷಕರ ಕೈಯಲ್ಲಿ ಅವನೂ ಸತ್ತ. ಎರಡು ವರ್ಷ ಕಳೆದ ಮೇಲೆ, ಕ್ಯಾಲಿಗುಲಾನ ಮುಖವಿರುವ ಕಂಚಿನ ನಾಣ್ಯವನ್ನೆಲ್ಲ ಕರಗಿಸಬೇಕೆಂದು ಸೆನೆಟ್ ನಿರ್ಣಯಿಸಿತು. ಚಿನ್ನ ಬೆಳ್ಳಿಯ ಮಾತು ಆ ನಿರ್ಣಯದಲ್ಲಿಲ್ಲ. ಕರಗಿದ ಲೋಹದಲ್ಲಿ ಹೊಸ ಚಕ್ರವರ್ತಿ ಕ್ಲಾಡಿಯಸ್‌ನ ಹೆಂಡತಿ ಮೆಸ್ಸಲೀನಾ ತನ್ನ ಮೆಚ್ಚಿನ ನರ್ತಕ ಮ್ನೆಸ್ಟರ್‌ನ ಪ್ರತಿಮೆಗಳನ್ನು ಮಾಡಿಸಿದಳೆಂದು ಇತಿಹಾಸಕಾರ ಡಿಯೋ ಬರೆಯುತ್ತಾನೆ. ನಿರ್ಣಯ ಪೂರ್ತಿ ಜಾರಿಯಾಗಲಿಲ್ಲ. ಕ್ಯಾಲಿಗುಲಾನ ಹಿತ್ತಾಳೆ ಇಂದಿಗೂ ಬೇಕಾದಷ್ಟು ಉಳಿದಿದೆ. ಕೆಲವುದರಲ್ಲಿ ಅವನ ಹೆಸರಿನ ಮೊದಲಕ್ಷರವನ್ನು ಯಾರೋ ಉಳಿಯಿಂದ ಕೆರೆದು ಅಳಿಸಿದ್ದಾರೆ. ನಾಣ್ಯ ಬೇಕಿತ್ತು, ಅವನು ಬೇಕಿರಲಿಲ್ಲ.

ನೀರೋ ಕಾಲದ ಹಿತ್ತಾಳೆ ರೋಮನ್ ನಾಣ್ಯಕಲೆಯ ಶಿಖರ. ಆಳ್ವಿಕೆಯ ಮೊದಲ ಹತ್ತು ವರ್ಷ ಹೆಚ್ಚು ಕಡಿಮೆ ಕಂಚನ್ನೇ ಮುಟ್ಟದವನು, ಕ್ರಿ.ಶ. 64ರ ಸುಮಾರಿನಿಂದ ರೋಮ್ ಮತ್ತು ಲುಗ್ಡುನಮ್ ಎರಡೂ ಕಡೆ ಅಪಾರ ಪ್ರಮಾಣದಲ್ಲಿ ಅಚ್ಚುಹಾಕಿಸಿದ. ಅಚ್ಚು ಕೊರೆದ ಕುಶಲಕರ್ಮಿಗಳ ಹೆಸರು ನಮಗೆ ದಕ್ಕಿಲ್ಲ, ಅವರ ಕಣ್ಣು ಮಾತ್ರ ನಾಣ್ಯದಲ್ಲಿದೆ. ದಪ್ಪ ಕುತ್ತಿಗೆ, ಗಲ್ಲದ ಕೆಳಗೆ ಜೋತ ಕೊಬ್ಬು, ಸಾಲು ಸಾಲಾಗಿ ಸುರುಳಿಗೊಳಿಸಿದ ಕೂದಲು, ಒಳಕ್ಕೆ ಹೂತ ಕಣ್ಣು. ಚಕ್ರವರ್ತಿಯನ್ನು ಹೊಗಳಲೆಂದೇ ಹೊರಟ ನಾಣ್ಯ ಅವನ ಮೈಯ ಸತ್ಯವನ್ನು ಬಚ್ಚಿಡಲಿಲ್ಲ. ಚಕ್ರವರ್ತಿಗಳ ಚರಿತ್ರೆ ಬರೆದ ಸ್ಯೂಟೋನಿಯಸ್ ಮಾತಿನಲ್ಲಿ ಬಿಡಿಸಿದ ನೀರೋ ಈ ಹಿತ್ತಾಳೆಯ ನೀರೋಗೆ ಚೆನ್ನಾಗಿ ಹೊಂದುತ್ತಾನೆ. ಲೈರ್ ವಾದ್ಯ ಹಿಡಿದು ಹಾಡುವ ತನ್ನ ರೂಪವನ್ನು ನೀರೋ ನಾಣ್ಯಕ್ಕೆ ಹಾಕಿಸಿದ ಎಂದೂ ಅವನೇ ಹೇಳುತ್ತಾನೆ. ಜೋನ್ಸ್‌ಗೆ ಇದೂ ಒಂದು ಉತ್ತರ: ಒಬ್ಬ ರೋಮನ್ ಲೇಖಕ ನಾಣ್ಯವನ್ನು ತಿರುಗಿಸಿ ನೋಡಿದ್ದಾನೆ, ನೆನಪಿಟ್ಟುಕೊಂಡಿದ್ದಾನೆ.

ನೀರೋನ ಸೆಸ್ಟರ್ಶಿಯಸ್‌ಗಳಲ್ಲಿ ಓಸ್ಟಿಯಾ ಬಂದರಿನದು ಎಲ್ಲಕ್ಕಿಂತ ಸೊಗಸು. ಹಕ್ಕಿಯ ಕಣ್ಣಿಗೆ ಕಾಣುವಂತೆ ಇಡೀ ಬಂದರು. ಎರಡು ಬದಿಗೆ ಅರ್ಧಚಂದ್ರದ ಹಾಗೆ ಬಾಗಿದ ಕಟ್ಟೆ. ಕೆಳಗೆ ಒರಗಿ ಮಲಗಿದ ನೀರಿನ ದೇವತೆ. ನಡುವೆ ಹಾಯಿ ಬಿಚ್ಚಿದ, ಹಾಯಿ ಸುತ್ತಿದ, ಹುಟ್ಟು ಹಾಕುವ ಹಡಗುಗಳು. ಅಚ್ಚುಗಳನ್ನು ಕೈಯಲ್ಲೇ ಕೊರೆಯುತ್ತಿದ್ದುದರಿಂದ ಹಡಗಿನ ಸಂಖ್ಯೆ ಅಚ್ಚಿನಿಂದ ಅಚ್ಚಿಗೆ ಬೇರೆ. ಮೂರು ಸೆಂಟಿಮೀಟರ್ ಅಗಲದೊಳಗೆ ಹಗ್ಗ, ಕೂವೆಮರ, ಅಂಬಿಗರವರೆಗೆ ಎಲ್ಲವೂ ಇದೆ. ಈ ಬಂದರನ್ನು ಕಟ್ಟಿಸಲು ತೊಡಗಿದವನು ಕ್ಲಾಡಿಯಸ್, ಕೀರ್ತಿ ಪಡೆದವನು ನೀರೋ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಕ್ರಿ.ಶ. 62ರಲ್ಲಿ ಬಿರುಗಾಳಿ ಎದ್ದು, ಇದೇ ಬಂದರಿನೊಳಗೆ ಸುಮಾರು ಇನ್ನೂರು ಧಾನ್ಯದ ಹಡಗುಗಳು ಮುಳುಗಿದ್ದವು. ನದಿಯಲ್ಲಿ ಮೇಲಕ್ಕೆ ಹೊರಟಿದ್ದ ಇನ್ನೂ ನೂರು ಆಕಸ್ಮಿಕ ಬೆಂಕಿಗೆ ಬಲಿಯಾಗಿದ್ದವು. ಈಜಿಪ್ಟ್, ಆಫ್ರಿಕಾದ ಗೋಧಿ ಬರದಿದ್ದರೆ ರೋಮ್ ನಗರ ಹೊಟ್ಟೆಗಿಲ್ಲದೆ ನರಳುತ್ತದೆ. ಧಾನ್ಯದ ಬೆಲೆ ಏರದಂತೆ ನೀರೋ ಆಗ ನೋಡಿಕೊಂಡನೆಂದು ಟ್ಯಾಸಿಟಸ್ ಒಪ್ಪುತ್ತಾನೆ. ಎರಡೇ ವರ್ಷಕ್ಕೆ ಬಂದ ನಾಣ್ಯದಲ್ಲಿ ನೀರು ನಿಶ್ಚಲ, ಹಡಗೆಲ್ಲ ಸುರಕ್ಷಿತ. ರೊಟ್ಟಿ ಕೊಳ್ಳುವವನ ಅಂಗೈಗೆ ಬಂದು ಕೂರುವ ಚಿತ್ರ ಇದು, ಅವನ ದಿನನಿತ್ಯದ ಭಯಕ್ಕೆ ಕೊಟ್ಟ ಜವಾಬು.

ಕ್ರಿ.ಶ. 68ರ ವಸಂತದಲ್ಲಿ ಗಾಲ್‌ನಲ್ಲಿ ವಿಂಡೆಕ್ಸ್ ಎಂಬ ಅಧಿಪತಿ ನೀರೋ ವಿರುದ್ಧ ಬಂಡೆದ್ದ. ಆ ಗೊಂದಲದ ದಿನಗಳವೆಂದು ತಜ್ಞರು ಗುರುತಿಸುವ ನೀರೋನ ನಾಣ್ಯಗಳಲ್ಲಿ, ಮುಖದ ಮೇಲೋ ಕೊರಳ ಮೇಲೋ ನೇರವಾಗಿ ನಾಲ್ಕಕ್ಷರ ಒತ್ತಲಾಗಿದೆ: ಎಸ್, ಪಿ, ಕ್ಯೂ, ಆರ್. ಸೆನೆಟ್ ಮತ್ತು ರೋಮ್‌ನ ಜನತೆ ಎಂದು ಅರ್ಥ. ನಾಣ್ಯವನ್ನು ಕರಗಿಸಲು ಕುಲುಮೆಯಾಗಲಿ ವ್ಯವಧಾನವಾಗಲಿ ಬಂಡಾಯಗಾರರಿಗೆ ಇರಲಿಲ್ಲ. ಜಾಮೀನುದಾರನನ್ನು ಬದಲಿಸಿದರೆ ಸಾಕಿತ್ತು. ಜೂನ್‌ನಲ್ಲಿ ನೀರೋ ಆತ್ಮಹತ್ಯೆ ಮಾಡಿಕೊಂಡ. ಅಲ್ಲಿಂದ ಒಂದೂವರೆ ವರ್ಷದಲ್ಲಿ ಗಾಲ್ಬಾ, ಓಥೋ, ವಿಟೆಲಿಯಸ್, ವೆಸ್ಪಾಸಿಯನ್ ನಾಲ್ವರು ಪಟ್ಟವೇರಿದರು. ಮೂರೇ ತಿಂಗಳು ಆಳಿದ ಓಥೋನ ಹೆಸರಿನಲ್ಲಿ ರೋಮ್‌ನ ಟಂಕಸಾಲೆ ಚಿನ್ನ, ಬೆಳ್ಳಿ ಮಾತ್ರ ಹೊರಡಿಸಿತು. ಅವನ ಮುಖ ಅಲ್ಲಿಯ ಹಿತ್ತಾಳೆಗೆ ಬರಲೇ ಇಲ್ಲ. ಸೈನಿಕರ ಬಾಯಿ ಮುಚ್ಚಿಸಲು ಬೆಳ್ಳಿ ಬೇಕಿತ್ತು, ಊರಿನ ಜನರೊಂದಿಗೆ ಮಾತಾಡಲು ಅವನಿಗೆ ಸಮಯ ಸಿಗಲಿಲ್ಲ.

ಗೆದ್ದು ಉಳಿದ ವೆಸ್ಪಾಸಿಯನ್‌ಗೆ ಹೇಳುವುದು ಬಹಳಷ್ಟಿತ್ತು. ಸಾಮಾನ್ಯ ಮನೆತನದಿಂದ ಬಂದವನು, ಹಿಂದಿನವರ ರಕ್ತಸಂಬಂಧವಿಲ್ಲ. ಇದ್ದ ಬಂಡವಾಳ ಒಂದೇ, ಯಹೂದಿಗಳ ನಾಡಾದ ಯೂದಾಯದ ಯುದ್ಧ. ಕ್ರಿ.ಶ. 70ರಲ್ಲಿ ಅವನ ಮಗ ಟೈಟಸ್ ಜೆರುಸಲೇಮನ್ನು ಹಿಡಿದು ದೇವಾಲಯವನ್ನು ಸುಟ್ಟ. ಮರುವರ್ಷ ಹಿತ್ತಾಳೆಯ ಪ್ರವಾಹವೇ ಹರಿಯಿತು: ನಡುವೆ ಖರ್ಜೂರದ ಮರ, ಅದರ ಬುಡದಲ್ಲಿ ತಲೆಗೆ ಕೈ ಹಚ್ಚಿ ಕುಳಿತು ಅಳುವ ಹೆಂಗಸು, ಇನ್ನೊಂದು ಬದಿಗೆ ಕೈ ಬಿಗಿದ ಕೈದಿ, ಇಲ್ಲವೇ ಕಾಲಿನ ಕೆಳಗೆ ಶಿರಸ್ತ್ರಾಣ ಮೆಟ್ಟಿ ನಿಂತ ಚಕ್ರವರ್ತಿ. ಬರಹ: ಯೂದಾಯ ಸೆರೆಯಾಯಿತು. ಈ ಚಿತ್ರ ನೋಡಿದಾಗಲೆಲ್ಲ ನನಗೆ ಹೊಟ್ಟೆ ಸಂಕಟವಾಗುತ್ತದೆ. ಕಲೆಗಾರಿಕೆ ಉತ್ಕೃಷ್ಟ, ಅದಕ್ಕೇ ಸಂಕಟ ಹೆಚ್ಚು. ಸೋತವರ ಅಳುವನ್ನು ಸಂತೆಯ ಚಿಲ್ಲರೆ ಮಾಡಿದ ಕೆಲಸ ಇದು. ಟೈಟಸ್ ಪಟ್ಟಕ್ಕೆ ಬಂದ ಮೇಲೂ ಆ ಅಳು ನಾಣ್ಯದಲ್ಲಿ ಮುಂದುವರಿಯಿತು.

ಅದಕ್ಕೆ ಉತ್ತರ ಬಂದದ್ದು ಅರವತ್ತು ವರ್ಷಗಳ ನಂತರ. ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಕ್ರಿ.ಶ. 132ರಿಂದ 135ರವರೆಗೆ, ಬಾರ್ ಕೋಖ್ಬಾ ಎಂದು ಹೆಸರಾದ ಶಿಮೋನ್‌ನ ಮುಂದಾಳುತನದಲ್ಲಿ ಯಹೂದಿಗಳು ಮತ್ತೆ ದಂಗೆಯೆದ್ದರು. ಅವರ ಕೈಯಲ್ಲಿ ಗಣಿಯಿರಲಿಲ್ಲ. ಚಲಾವಣೆಯಲ್ಲಿದ್ದ ರೋಮ್‌ನ ನಾಣ್ಯಗಳನ್ನೇ ಸಂಗ್ರಹಿಸಿ, ತಟ್ಟಿ, ಅರದಿಂದ ಉಜ್ಜಿ ಚಕ್ರವರ್ತಿಯ ಮುಖವನ್ನು ತೆಗೆದು, ಮೇಲೆ ತಮ್ಮ ಅಚ್ಚು ಒತ್ತಿದರು. ಅವರು ಹೊರಡಿಸಿದ ನಾಣ್ಯವೆಲ್ಲ ಹೀಗೆ ಮರು ಅಚ್ಚಾದದ್ದೇ. ಕಂಚಿನದರಲ್ಲಿ ಹೆಚ್ಚಾಗಿ ಕಾಣುವುದು ಏಳು ಗರಿಯ ಖರ್ಜೂರದ ಮರ, ಹಿಂಬದಿಗೆ ದ್ರಾಕ್ಷಿ ಎಲೆ, ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಜೆರುಸಲೇಮಿನ ಬಿಡುಗಡೆಯ ಮಾತು. ಮರ ಮತ್ತೆ ಬಂದಿದೆ, ಬುಡದಲ್ಲಿ ಅಳುವವಳು ಇಲ್ಲ. ಕೆಲವು ನಾಣ್ಯಗಳಲ್ಲಿ ಉಜ್ಜಿದ್ದು ಸಾಲದೆ ಹಳೆಯ ಚಕ್ರವರ್ತಿಯ ಗಲ್ಲದ ರೇಖೆಯೋ ಗ್ರೀಕ್ ಅಕ್ಷರವೋ ಈಗಲೂ ಇಣುಕುತ್ತದೆ. ದಂಗೆಯನ್ನು ರೋಮ್ ಭೀಕರವಾಗಿ ಹತ್ತಿಕ್ಕಿತು.

ಅದೇ ಹೇಡ್ರಿಯನ್ ಪಟ್ಟಕ್ಕೆ ಬಂದ ಹೊಸತರಲ್ಲಿ, 118ರಲ್ಲಿ, ಖಜಾನೆಗೆ ಬರಬೇಕಿದ್ದ 90 ಕೋಟಿ ಸೆಸ್ಟರ್ಶಿಯಸ್ ಹಳೆಬಾಕಿಯನ್ನು ಮನ್ನಾ ಮಾಡಿ, ಸಾಲಪತ್ರಗಳನ್ನು ಹಿಂದಿನ ಚಕ್ರವರ್ತಿ ಟ್ರಾಜನ್‌ನ ಚೌಕದಲ್ಲಿ ಸುಡಿಸಿದ್ದ. ಸೆಸ್ಟರ್ಶಿಯಸ್ ಮೇಲೆ ದೊಂದಿ ಹಿಡಿದ ಸೇವಕ ಪತ್ರಗಳ ರಾಶಿಗೆ ಬೆಂಕಿ ಇಡುತ್ತಿದ್ದಾನೆ. ಮನ್ನಾ ಮಾಡಿದ ಮೊತ್ತವನ್ನೂ ಸುತ್ತ ಕೆತ್ತಲಾಗಿದೆ. ಹಿಂದೆ ಟೈಟಸ್ ಕೊಲೊಸಿಯಮ್ಮನ್ನು ಅದರ ಜನಸಂದಣಿ ಸಮೇತ ಹಿತ್ತಾಳೆಗಿಳಿಸಿದ್ದ. ನೆರ್ವಾ ಚಕ್ರವರ್ತಿ ಇಟಲಿಯ ಜನರ ಮೇಲಿದ್ದ ಅಂಚೆಗಾಡಿಯ ಹೊರೆ ಇಳಿಸಿದಾಗ, ನೊಗ ಕಳಚಿ ಮೇಯುತ್ತಿರುವ ಎರಡು ಹೇಸರಗತ್ತೆಗಳೇ ಅದನ್ನು ಸಾರಿದವು. ಹೇಡ್ರಿಯನ್‌ನ ಮತ್ತು ಅವನ ನಂತರ ಬಂದ ಆಂಟೊನೈನಸ್ ಪಯಸ್‌ನ ನಾಣ್ಯದಲ್ಲಿ ಬಂಡೆಯ ಮೇಲೆ ಕುಳಿತ, ಬ್ರಿಟನ್ ಪ್ರಾಂತ್ಯದ ಸ್ತ್ರೀರೂಪವಾದ ಬ್ರಿಟಾನಿಯಾಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1672ರಲ್ಲಿ ತನ್ನ ತಾಮ್ರದ ಕಾಸಿಗೆ ಎತ್ತಿಕೊಂಡ.

ಈ ನಾಣ್ಯಗಳು ಹುಟ್ಟುತ್ತಿದ್ದ ಜಾಗ ರೋಮ್‌ನ ಸೇಲಿಯನ್ ಗುಡ್ಡದ ಮಗ್ಗುಲಲ್ಲಿ, ಇಂದಿನ ಸಾನ್ ಕ್ಲೆಮೆಂಟೆ ಚರ್ಚಿನ ಆಸುಪಾಸಿನಲ್ಲಿತ್ತು. ಕ್ರಿ.ಶ. 115ರಲ್ಲಿ ಟಂಕಸಾಲೆಯವರು ದೇವತೆಗಳಿಗೆ ಅರ್ಪಿಸಿದ ಕಲ್ಬರಹಗಳು ಅಲ್ಲಿ ಸಿಕ್ಕಿವೆ. ಸುತ್ತಿಗೆ ಹೊಡೆಯುವವರು, ಕಾಯಿಸಿದ ಬಿಲ್ಲೆಯನ್ನು ಅಚ್ಚುಗಳ ನಡುವೆ ಇಡುವವರು, ವಿಭಾಗ ನೋಡಿಕೊಳ್ಳುವವರು ಎಂದು ಕಸುಬಿನ ಪ್ರಕಾರ ಅವರ ಪಟ್ಟಿ ಇದೆ. ಗುಲಾಮರು, ಗುಲಾಮಗಿರಿಯಿಂದ ಬಿಡುಗಡೆಯಾದವರು ಅವರು. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ, ಮೇಲಿನದು ಕೈಯಲ್ಲಿ. 25 ಗ್ರಾಂ ಹಿತ್ತಾಳೆಯ ಮೇಲೆ ಕೂದಲೆಳೆಯವರೆಗೆ ಚಿತ್ರ ಮೂಡಬೇಕಾದರೆ ಸುತ್ತಿಗೆ ಬೀಸುವ ತೋಳಿಗೆ ಎಂಥ ಬಲ, ಬಿಲ್ಲೆಯಿಡುವವನ ಬೆರಳಿಗೆ ಎಂಥ ಧೈರ್ಯ ಬೇಕಿತ್ತು!

ಎರಡನೆಯ ಶತಮಾನದಲ್ಲಿ ಈ ನಾಣ್ಯದ ಮೇಲಿದ್ದ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ಫ್ರಾನ್ಸಿನ ಬೋರ್ಡೊ ನಗರದ ಬಳಿ ಗರಾನ್ ನದಿಯ ತಳದಿಂದ ಎತ್ತಿದ ಸುಮಾರು 4,000 ಸೆಸ್ಟರ್ಶಿಯಸ್ ತೋರಿಸುತ್ತವೆ. ಆಂಟೊನೈನಸ್ ಪಯಸ್ ಕಾಲದಲ್ಲಿ ಮುಳುಗಿದ ಹಡಗಿನ ಹಣ ಅದು. ಅದರಲ್ಲಿ ನೂರು ವರ್ಷ ಹಿಂದಿನ ಕ್ಲಾಡಿಯಸ್‌ನ ನಾಣ್ಯವೂ ಇದೆ. ಮುಖ ಮೂಗು ಸವೆದುಹೋಗಿದ್ದರೂ ಅದು ಒಂದು ಸೆಸ್ಟರ್ಶಿಯಸ್ಸೇ. ಲೆಕ್ಕ ಹಾಕಿ ನೋಡಿ: ನೂರು ಕಿಲೋಗೆ ಹತ್ತಿರದ ಈ ಹಿತ್ತಾಳೆ ಬರಿಯ 40 ಔರಿಯಸ್‌ಗೆ ಸಮ, ಅಂದರೆ 300 ಗ್ರಾಂಗೂ ಕಡಿಮೆ ಚಿನ್ನ. ಆದರೂ ಜನ ಹಿತ್ತಾಳೆಯನ್ನೇ ಹೊತ್ತು ಸಾಗಿಸುತ್ತಿದ್ದರು. ಅದೇ ಶತಮಾನದ ಆರಂಭದಲ್ಲಿ ತತ್ತ್ವಜ್ಞಾನಿ ಎಪಿಕ್ಟೀಟಸ್ ಮನುಷ್ಯನ ಶೀಲವನ್ನು ಪರೀಕ್ಷಿಸುವ ಬಗೆ ಹೇಳುತ್ತ, ಟ್ರಾಜನ್‌ನ ಮುದ್ರೆಯಿದ್ದರೆ ಸ್ವೀಕರಿಸಬೇಕು, ನೀರೋನದಾದರೆ ಕೊಳೆತದ್ದೆಂದು ಎಸೆಯಬೇಕು ಎಂಬ ದೃಷ್ಟಾಂತ ಕೊಟ್ಟ. ಮುಖ ನೋಡಿ ಕಾಸನ್ನು ನಿರಾಕರಿಸುವುದು ಅವನ ಶಿಷ್ಯರಿಗೆ ತಟ್ಟನೆ ಅರ್ಥವಾಗುವ ಕ್ರಿಯೆಯಾಗಿತ್ತು.

ಮುಂದಿನ ಶತಮಾನದಲ್ಲಿ ಆ ದೃಷ್ಟಾಂತ ಬೀದಿಗೆ ಬಂತು. ಗಡಿಯ ಯುದ್ಧಗಳು ಹೆಚ್ಚಿದವು, ಸೈನಿಕರ ಸಂಬಳ ಏರಿತು, ಬೆಳ್ಳಿ ಸಾಲದಾಯಿತು. 215ರಲ್ಲಿ ಕ್ಯಾರಕಲ್ಲಾ ಎರಡು ಡೆನಾರಿಯಸ್ ಬೆಲೆಯದೆನ್ನಲಾದ ಹೊಸ ಬೆಳ್ಳಿ ನಾಣ್ಯ ತಂದ. ಅದರಲ್ಲಿದ್ದ ಬೆಳ್ಳಿ ಒಂದೂವರೆ ಡೆನಾರಿಯಸ್‌ನಷ್ಟು. ಅಲ್ಲಿಂದ ಇಳಿಜಾರು. ಹಿತ್ತಾಳೆಯಲ್ಲೂ ಸತುವಿನ ಪಾಲು ಕುಗ್ಗಿ ಸೀಸ, ತವರ ಸೇರಿಕೊಂಡವು. ರೋಮ್ ನಗರಕ್ಕೆ ಸಾವಿರ ವರ್ಷ ತುಂಬಿತೆಂದು 248ರಲ್ಲಿ ಫಿಲಿಪ್ ಚಕ್ರವರ್ತಿ ಉತ್ಸವ ಮಾಡಿಸಿದಾಗ ಸೆಸ್ಟರ್ಶಿಯಸ್ ಮೇಲೆ ಸಿಂಹ, ಜಿಂಕೆ, ನೀರಾನೆಗಳು ಮೆರೆದವು. ಹನ್ನೆರಡು ವರ್ಷಕ್ಕೆ, 260ರಲ್ಲಿ, ವಲೇರಿಯನ್ ಚಕ್ರವರ್ತಿ ಪರ್ಷಿಯಾದ ಶಾಪುರ್‌ನ ಸೆರೆಯಾಳಾದ. ಅವನ ಮಗ ಗಾಲಿಯೆನಸ್‌ನ ಕಾಲ ಮುಗಿಯುವಷ್ಟರಲ್ಲಿ ಬೆಳ್ಳಿ ನಾಣ್ಯದಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ.

ಅದೇ 260ರ ಒಂದು ಪಪೈರಸ್ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದೆ. ಹಣ ವಿನಿಮಯದ ಅಂಗಡಿಯವರು ಚಕ್ರವರ್ತಿಗಳ ಪವಿತ್ರ ನಾಣ್ಯವನ್ನು ಮುಟ್ಟಲೊಲ್ಲದೆ ಬಾಗಿಲು ಹಾಕಿಕೊಂಡಿದ್ದಾರೆ; ಎಲ್ಲರೂ ಅಂಗಡಿ ತೆರೆಯಬೇಕು, ಸ್ಪಷ್ಟವಾಗಿ ಖೋಟಾ ಎಂದು ಕಾಣುವುದನ್ನು ಬಿಟ್ಟು ಬೇರೆಲ್ಲ ನಾಣ್ಯವನ್ನು ಸ್ವೀಕರಿಸಬೇಕು, ತಪ್ಪಿದರೆ ಶಿಕ್ಷೆ ಎಂದು ಜಿಲ್ಲಾಧಿಕಾರಿ ಹೊರಡಿಸಿದ ಆಜ್ಞೆ ಅದು. ಮುಖ ತೋರಿಸಿದರೆ ಸಾಲದೆ ದಂಡ ತೋರಿಸಬೇಕಾದ ಕಾಲ ಬಂದಿತ್ತು.

ಸೆಸ್ಟರ್ಶಿಯಸ್‌ಗೆ ಆದದ್ದು ವಿಚಿತ್ರ. ಬೆಳ್ಳಿ ಹೆಸರಿಗಷ್ಟೇ ಬೆಳ್ಳಿಯಾದಾಗ, ಅದರ ಭಾಗವಾಗಿ ಬೆಲೆ ಕಟ್ಟಿದ್ದ ದಪ್ಪ ಹಿತ್ತಾಳೆಯ ಲೋಹವೇ ಅದರ ಮುಖಬೆಲೆಯನ್ನು ಮೀರಿತು. ನಾಣ್ಯವಾಗಿ ಖರ್ಚು ಮಾಡುವುದಕ್ಕಿಂತ ಕರಗಿಸುವುದು ಲಾಭ. ಗಾಲ್‌ನಲ್ಲಿ ಪ್ರತ್ಯೇಕ ರಾಜ್ಯ ಕಟ್ಟಿದ ಪೋಸ್ಟುಮಸ್ 260ರ ದಶಕದಲ್ಲಿ ಹಳೆಯ ಸವಕಲು ಸೆಸ್ಟರ್ಶಿಯಸ್‌ಗಳನ್ನೇ ತೆಗೆದು, ಕಿರಣಗಳ ಕಿರೀಟ ತೊಟ್ಟ ತನ್ನ ತಲೆಯನ್ನು ಮೇಲೆ ಒತ್ತಿ, ಇಮ್ಮಡಿ ಬೆಲೆ ಎಂದು ಚಲಾಯಿಸಿದ. ಅವನ ಗಡ್ಡದ ಹಿಂದೆ ಎರಡನೆಯ ಶತಮಾನದ ಯಾವುದೋ ಚಕ್ರವರ್ತಿಯ ಅಥವಾ ರಾಣಿಯ ರೂಪರೇಖೆ ಕಾಣಿಸುವುದುಂಟು. ಬಾರ್ ಕೋಖ್ಬಾನ ಜನ ರೋಮ್‌ಗೆ ಮಾಡಿದ್ದನ್ನು ಈಗ ರೋಮನ್ನರೇ ರೋಮ್‌ಗೆ ಮಾಡುತ್ತಿದ್ದರು.

271ರ ಸುಮಾರಿಗೆ ರೋಮ್‌ನ ಟಂಕಸಾಲೆಯ ಕೆಲಸಗಾರರೇ ದಂಗೆಯೆದ್ದರು. ಲೆಕ್ಕಪತ್ರದ ಮೇಲಧಿಕಾರಿ ಫೆಲಿಸಿಸಿಮಸ್ ಕುಮ್ಮಕ್ಕಿನಿಂದ ಅವರು ನಾಣ್ಯದ ಲೋಹ ಕದ್ದಿದ್ದರು, ಶಿಕ್ಷೆಯ ಭಯಕ್ಕೆ ತಿರುಗಿಬಿದ್ದರು ಎಂದು ಪ್ರಾಚೀನ ಲೇಖಕರು ಹೇಳುತ್ತಾರೆ. ಸೇಲಿಯನ್ ಗುಡ್ಡದ ಮೇಲೆ, ಅವರ ಹಿಂದಿನವರು ದೇವತೆಗಳಿಗೆ ಕಲ್ಲು ನೆಟ್ಟಿದ್ದ ಜಾಗದ ಹತ್ತಿರದಲ್ಲೇ, ಔರೇಲಿಯನ್ ಚಕ್ರವರ್ತಿಯ ಸೇನೆಗೂ ಅವರಿಗೂ ಕಾಳಗ ನಡೆದು ಸುಮಾರು 7,000 ಸೈನಿಕರು ಸತ್ತರಂತೆ. ಔರೇಲಿಯನ್ 274ರಲ್ಲಿ ನಾಣ್ಯವ್ಯವಸ್ಥೆಯನ್ನು ಹೊಸದಾಗಿ ಕಟ್ಟುವಾಗ ಸೆಸ್ಟರ್ಶಿಯಸ್ ಹೆಸರಿನಲ್ಲಿ ಒಂದಷ್ಟು ಸಣಕಲು ಕಂಚು ಅಚ್ಚಾಯಿತು, ಅಲ್ಲಿಗೆ ಆ ಸಂತತಿ ಮುಗಿಯಿತು. 294ರ ಸುಮಾರಿಗೆ ಡಯೋಕ್ಲೀಷಿಯನ್ ಬೆಳ್ಳಿಯ ತೆಳು ಲೇಪ ಕೊಟ್ಟ ಹೊಸ ಕಂಚಿನ ನಾಣ್ಯ ತಂದಾಗ ಅದರ ಮೇಲೆ ನಾಲ್ವರು ಸಹ ಆಡಳಿತಗಾರರಲ್ಲಿ ಒಬ್ಬೊಬ್ಬರ ಹೆಸರಿರುತ್ತಿತ್ತು, ಮುಖ ಮಾತ್ರ ಹೆಚ್ಚುಕಡಿಮೆ ಒಂದೇ. ಚೌಕಟ್ಟಾದ ದವಡೆ, ಕುರುಚಲು ಗಡ್ಡ, ದೊಡ್ಡ ಕಣ್ಣು. ಬರಹ ಓದದಿದ್ದರೆ ನಾಲ್ವರಲ್ಲಿ ಯಾರು ಯಾರೆಂದು ಹೇಳುವುದು ಕಷ್ಟ.